ಅಕ್ಕನ ಹೊಲದ ಪಿಡಿಎಫ್

ನನಗೆ ಮೋಸ ಮಾಡಿದವನ ಮೇಲೆ ನನಗಿನ್ನೂ ಸಿಟ್ಟಿದೆ. ಆರಿಲ್ಲ, ಆರುವುದೂ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ "ಇವನಿಗೆ ಸ್ವಲ್ಪವೂ ಸಮಾಧಾನವಿಲ್ಲವಲ್ಲ" ಎಂದು ಮುಖ ಗಂಟಿಕ್ಕಬಾರದು. ಸಮಾಧಾನದಿಂದ ಬರೆಯಲು ಇದೇನು ಪಕ್ಕದೂರಿನ ಸುದ್ದಿಯಲ್ಲ, ನನ್ನ ಅಕ್ಕನ ಹೊಲದ ಮಾತು.

ನಾನಿರುವುದು ಚಿಕ್ಕೋಡಿಯಲ್ಲಿ. ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಖೋಲಿಯಲ್ಲಿ ಕೂತು ಸುತ್ತಲಿನ ತಾಲ್ಲೂಕುಗಳ ಸಣ್ಣಪುಟ್ಟ ಸಂಸ್ಥೆಗಳಿಗೆ ವೆಬ್ ಅಪ್ಲಿಕೇಶನ್ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ನಿಪ್ಪಾಣಿಯ ಒಂದು ಶಾಲೆಗೆ ಮಕ್ಕಳ ಅಂಕಪಟ್ಟಿ, ರಾಯಬಾಗದ ಒಂದು ದವಾಖಾನೆಗೆ ರಕ್ತಪರೀಕ್ಷೆಯ ವರದಿ, ಹೀಗೆ. ಕೆಲಸ ಯಾವುದೇ ಇರಲಿ, ಕೊನೆಗೆ ಎಲ್ಲರದೂ ಒಂದೇ ಬೇಡಿಕೆ: "ಸರ, ಪಿಡಿಎಫ್ ಬರಬೇಕ್ರಿ." ಪರದೆಯ ಮೇಲೆ ನೀವು ಚಿನ್ನದಂಥ ಪುಟ ತೋರಿಸಿ, ನಮ್ಮ ಕಡೆಯವರಿಗೆ ಅದು ಲೆಕ್ಕಕ್ಕಿಲ್ಲ. ಕೈಯಲ್ಲಿ ಹಿಡಿಯಲು ಹಾಳಿ ಬೇಕು, ಹಾಳಿಯ ಕೆಳಗೆ ಸಹಿ ಬೇಕು, ಸಹಿಯ ಮೇಲೆ ಸಿಕ್ಕಾ ಬೇಕು. ಸಿಕ್ಕಾ ಎಂದರೆ ಆ ದುಂಡನೆಯ ನೀಲಿ ಮೊಹರು. ಅದು ಬಿದ್ದ ಕಾಗದವನ್ನು ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ಜನ ನಾವು.

ಪಿಡಿಎಫ್ ಹುಟ್ಟುವುದು ಹೇಗೆಂದು ಕೇಳಿದವರಿಗೆ ನಾನು ಬೆಲ್ಲದ ಗಾಣ ತೋರಿಸುತ್ತೇನೆ. ವೆಬ್ ಪುಟಕ್ಕೆ ಒಂದು ಅಚ್ಚು ಇರುತ್ತದೆ, ಅದನ್ನೇ ಟೆಂಪ್ಲೇಟ್ ಎನ್ನುವುದು. ಹೆಸರು ಬರುವಲ್ಲಿ ಒಂದು ಖಾಲಿ ಜಾಗ, ಊರು ಬರುವಲ್ಲಿ ಒಂದು, ಅಂಕಿ ಬರುವಲ್ಲಿ ಒಂದು. ಬಟನ್ ಒತ್ತಿದಾಗ ದಾಖಲೆಯಲ್ಲಿರುವುದು ಬಂದು ಆ ಜಾಗಗಳಲ್ಲಿ ಕೂರುತ್ತದೆ. ಆಮೇಲೆ ಸರ್ವರಿನೊಳಗೆ ಯಾರ ಕಣ್ಣಿಗೂ ಬೀಳದ ಒಂದು ಬ್ರೌಸರು ಆ ಪುಟವನ್ನು ತೆರೆದು, ಹಾಳಿಯ ಅಳತೆಗೆ ಕೂರಿಸಿ, ಪಿಡಿಎಫ್ ಮಾಡಿ ಕೊಡುತ್ತದೆ. ಪಾಕ ಯಾರ ಕಬ್ಬಿನದೇ ಇರಲಿ, ಅಚ್ಚಿಗೆ ಸುರಿದರೆ ಬೆಲ್ಲದ ಪೆಂಟಿ ಒಂದೇ ಆಕಾರದ್ದು.

ನನ್ನ ಗೆಳೆಯನದು ಅಥಣಿ. ನಿಪ್ಪಾಣಿಯಲ್ಲಿ ಮೂರು ವರ್ಷ ಒಂದೇ ಹಾಸ್ಟೆಲಿನ ಒಂದೇ ಖೋಲಿಯಲ್ಲಿ ಇದ್ದವರು ನಾವು. ನನ್ನ ಅಕ್ಕನನ್ನು ಅವನೂ ಅಕ್ಕಾ ಎಂದೇ ಕರೆಯುತ್ತಿದ್ದ. ಅವಳ ಮದುವೆಯಲ್ಲಿ ಪ್ಯಾಂಟಿನ ಕಾಲು ಮಡಚಿಕೊಂಡು ಬೀಗರಿಗೆಲ್ಲ ಬಡಿಸಿ, ಮಧ್ಯಾಹ್ನ ನಾಲ್ಕಕ್ಕೆ ನಮ್ಮ ಮನೆಯವರ ಜೊತೆ ಕೊನೆಯ ಪಂಕ್ತಿಯಲ್ಲಿ ಕೂತು ತಣ್ಣಗಾದ ಹೋಳಿಗೆ ತಿಂದವನು. ನನ್ನ ತಾಯಿ ಅವತ್ತು "ಇಂವ ನನ್ನ ಎರಡನೇ ಮಗಾ" ಎಂದಿದ್ದಳು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ರಸಾಯನಶಾಸ್ತ್ರ ಓದಿದ ಅವನು ಅಥಣಿಯಲ್ಲಿ ಮಣ್ಣು ನೀರಿನ ಪರೀಕ್ಷೆಯ ಖೋಲಿ ತೆರೆದ. ದ್ರಾಕ್ಷಿ ಬೆಳೆಯುವವರು ಪಾಳಿ ಹಚ್ಚಿ ಬರುವಂತಾಯಿತು. ವರದಿ ಕೈಯಿಂದ ಬರೆದು ಬರೆದು ಬೆರಳು ಬಿದ್ದುಹೋದವು ಎಂದಾಗ ಅವನಿಗೆ ಅಪ್ಲಿಕೇಶನ್ ಮಾಡಿಕೊಡಲು ನಾನೇ ಕೂತೆ. ಮಾಡಿಕೊಟ್ಟೆ ಎಂದು ಒಂದೇ ಮಾತಿನಲ್ಲಿ ಹೇಳುವಂಥ ಕೆಲಸವಲ್ಲ ಅದು. ಪರದೆಯ ಮೇಲೆ ಸರಿಯಿದ್ದ ಕನ್ನಡ ಪಿಡಿಎಫಿಗೆ ಹೋದದ್ದೇ ತಡ ಕೈಕಾಲು ಮುರಿದುಕೊಳ್ಳುತ್ತಿತ್ತು. 'ದ್ರಾಕ್ಷಿ' ಎಂಬಲ್ಲಿ ಒತ್ತುಗಳೆಲ್ಲ ಕಳಚಿ ಬೇರೆ ಬೇರೆ ಕೂತವು. 'ಮಣ್ಣು' ಎಂಬಲ್ಲಿ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಬಿತ್ತು. ಒಂದು ಸಾಲಿನ ಮೇಲಿನರ್ಧ ಮೊದಲ ಹಾಳಿಯಲ್ಲಿ, ಕೆಳಗಿನರ್ಧ ಎರಡನೇ ಹಾಳಿಯಲ್ಲಿ. ಇದರ ಮೇಲೆ, ನಮ್ಮ ಗಡಿ ಭಾಗದ ಪದ್ಧತಿಯಂತೆ, ಎಡಕ್ಕೆ ಕನ್ನಡ ಬಲಕ್ಕೆ ಮರಾಠಿ, ಕೆಳಗೆ ಅವನ ಸಹಿ ಸಿಕ್ಕಾಗಳ ಚಿತ್ರ. ತಲೆ ಚಿಟ್ಟು ಹಿಡಿದುಹೋಯಿತು. ಒಂದೂವರೆ ತಿಂಗಳು ಬೇರೆ ಕೆಲಸ ಮುಟ್ಟದೆ ಒದ್ದಾಡಿ ಎಲ್ಲ ಒತ್ತುಗಳನ್ನು ಅವುಗಳ ಜಾಗದಲ್ಲಿ ಕೂರಿಸಿದೆ.

ಹೀಗೆ ಒದ್ದಾಡುವಾಗ ಪುಟದಲ್ಲಿ ಅಂಕಿಗಳಿಲ್ಲದಿದ್ದರೆ ಪಟ್ಟಿ ಕುಸಿದು ಚಪ್ಪಟೆಯಾಗುತ್ತದೆ, ಅಳತೆ ಸಿಗುವುದಿಲ್ಲ. ಅದಕ್ಕೆಂದು ಟೆಂಪ್ಲೇಟಿನಲ್ಲಿ ನಾನು ಕೆಲವು ಸಾಲು ಬರೆದಿಟ್ಟಿದ್ದೆ: ದಾಖಲೆಯಲ್ಲಿ ಅಂಕಿ ಇಲ್ಲದಿದ್ದರೆ ಇದನ್ನು ಹಾಕು. ರಸಸಾರ, ಅಂದರೆ ಪಿಎಚ್, 7.4. ಲವಣಾಂಶ 0.63. ಕೆಳಗೆ ಸಲಹೆ: ಈ ಭೂಮಿ ದ್ರಾಕ್ಷಿಗೆ ಯೋಗ್ಯವಾಗಿದೆ. ಎಲ್ಲ ನನ್ನ ತಲೆಯಿಂದ ಹುಟ್ಟಿದ್ದು. ಯಾರೂ ನಿಜವೆಂದು ತಿಳಿಯದಿರಲಿ ಎಂದು, ಇಂಥ ಹಾಳಿಯ ನಡುವೆ 'ಮಾದರಿ' ಎಂದು ದೊಡ್ಡ ಬೂದು ಅಕ್ಷರಗಳು ಓರೆಯಾಗಿ ಬರುವ ಹಾಗೆ ಮಾಡಿದ್ದೆ. ಕೆಲಸ ಮುಗಿದಾಗ ಆ ಸಾಲುಗಳನ್ನು ತೆಗೆಯುತ್ತೇನೆ ಎಂದೆ.

"ಇರ್ಲಿ ಬಿಡೋ," ಎಂದ ಗೆಳೆಯ. "ಹೊಸಾ ಮಂದಿ ಬಂದ್ರ ವರದಿ ಹ್ಯಾಂಗ ಬರ್ತೈತಿ ಅಂತ ತೋರಸಾಕ ಬೇಕಾಗ್ತೈತಿ."

ಬಿಟ್ಟೆ. ಬಿಡಬಾರದಿತ್ತು.

ಅಕ್ಕನನ್ನು ಕೊಟ್ಟಿದ್ದು ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕಕ್ಕೆ. ಅವಳ ಗಂಡ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಹೊಲಮನೆ ನೋಡುವವರು ಅವಳ ಮಾವ. ಗಂಡನ ಅಣ್ಣತಮ್ಮಂದಿರು ಬೇರೆಯಾದಾಗ ಹೊಳೆಯ ದಂಡೆಗಿದ್ದ ತಗ್ಗಿನ ಒಂದು ಎಕರೆ ಅಕ್ಕನ ಹೆಸರಿಗೆ ಬಂತು. ಅದರಲ್ಲಿ ದ್ರಾಕ್ಷಿ ಹಚ್ಚಬೇಕೆಂದು ಅವಳ ಆಸೆ. ಆಸೆ ಎನ್ನುವುದು ಸಣ್ಣ ಮಾತಾಯಿತು. ಅಷ್ಟು ವರ್ಷ ಆ ಮನೆಯಲ್ಲಿ ಅವಳು ತನಗೆಂದು ಕೇಳಿದ್ದು ಅದೊಂದೇ.

ಮಾವ ತಲೆಯಾಡಿಸಿದರು. "ಸವಳ ಹಿಡದ ನೆಲಾ ಐತಿ ಅದು. ಕಬ್ಬ ಹ್ಯಾಂಗರ ಬರ್ತೈತಿ, ದ್ರಾಕ್ಷಿ ಬರೂದಿಲ್ಲವ್ವಾ." ಸವಳು ಎಂದರೆ ನೀರು ನಿಂತು ನಿಂತು ಉಪ್ಪು ಮೇಲೆದ್ದ ಭೂಮಿ.

ಅಕ್ಕ ಬಿಡಲಿಲ್ಲ. "ಮಣ್ಣ ತಪಾಸ ಮಾಡಸೂಣ್ರಿ. ಬರ್ತೈತಿ ಅಂತ ಕಾಗದ ಬಂದ್ರ ಹಚ್ಚತೀನಿ. ಇಲ್ಲಾಂದ್ರ ಇನ್ನ ಮ್ಯಾಲ ಈ ಮಾತ ತಗಿಯೂದಿಲ್ಲ."

ಮಾವ ಒಪ್ಪಿದರು. ಅಲ್ಲಿಗೆ ಅವಳ ಹೊಲವೂ ಆ ಮನೆಯಲ್ಲಿ ಅವಳ ಮಾತೂ ಒಂದು ಕಾಗದಕ್ಕೆ ಕಟ್ಟಿದಂತಾಯಿತು.

ಅಕ್ಕ ಎಂಟು ಕಡೆ ತಾನೇ ಗುಂಡಿ ತೋಡಿ ಮಣ್ಣು ತೆಗೆದಳು. ಕಲಸಿ, ನೆರಳಿನಲ್ಲಿ ಒಣಗಿಸಿ, ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಕಟ್ಟಿ ಮೂರು ಗಂಟು ಹಾಕಿ, ಚೀಟಿ ಸಿಕ್ಕಿಸಿ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅಥಣಿಗೆ ಒಯ್ದೆ. ಗೆಳೆಯ ಎರಡೂ ಕೈಯಲ್ಲಿ ತೆಗೆದುಕೊಂಡ. "ಅಕ್ಕಂದಾ? ಹಂಗಾರ ನಂದ ಅಂತ ತಿಳಿ. ನೀ ಚಿಂತಿ ಬಿಡು," ಎಂದ. ನಾನು ಚಿಂತೆ ಬಿಟ್ಟೆ. ಹುಚ್ಚಪ್ಪ ನಾನು.

ಮೂರು ವಾರವಾದರೂ ವರದಿ ಬರಲಿಲ್ಲ. ಅಕ್ಕ ನನಗೆ ಫೋನ್ ಹಚ್ಚುವಳು, ನಾನು ಅವನಿಗೆ ಹಚ್ಚುವೆ. ಕಡೆಗೊಂದು ದಿನ ನನ್ನ ಫೋನಿಗೂ ಅಕ್ಕನ ಫೋನಿಗೂ ಪಿಡಿಎಫ್ ಬಂತು. ಆಗ ನಾನು ಮಾಡಿದ ಕೆಲಸ ಹೇಳಿದರೆ ನೀವು ನನ್ನ ಮುಖಕ್ಕೆ ಉಗುಳಬಹುದು. ಎರಡು ಬೆರಳಿನಿಂದ ಪುಟ ಹಿಗ್ಗಿಸಿ 'ದ್ರಾಕ್ಷಿ'ಯ ಒತ್ತು ಸರಿಯಾಗಿ ಬಂದಿದೆಯೇ ನೋಡಿದೆ. 'ಮಣ್ಣು' ನೋಡಿದೆ. ಮರಾಠಿಯ ಸಾಲು ಕನ್ನಡದ ಸಾಲಿಗೆ ಸಮನಾಗಿದೆಯೇ ನೋಡಿದೆ. ಎಲ್ಲ ಮುತ್ತಿನಂತೆ ಕೂತಿತ್ತು. ಕೊನೆಗೆ 'ಯೋಗ್ಯವಾಗಿದೆ' ಎಂಬ ಮಾತು ಕಂಡು, ಭಲೇ, ಅಕ್ಕನ ಪುಣ್ಯ ಎಂದುಕೊಂಡೆ. ಅಂಕಿಗಳನ್ನು ಓದಲಿಲ್ಲ.

ಅಕ್ಕ ಅದನ್ನು ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಮಾವ ಮಲಗುವ ಹೊರಸಿನ ಮೇಲಿನ ಗೋಡೆಗೆ ತೂಗುಹಾಕಿದಳು. ಮಾವ ಮರಾಠಿ ಸಾಲಿನ ಮೇಲೆ ಬೆರಳಿಟ್ಟು ಪೂರ್ತಿ ಓದಿದರು. "ಸಹಿ ಸಿಕ್ಕಾ ಎಲ್ಲಾ ಐತಿ. ಹಚ್ಚವ್ವಾ ಹಂಗಾರ," ಎಂದರಂತೆ. ಅವತ್ತು ಅಕ್ಕ ಫೋನಿನಲ್ಲಿ ನಕ್ಕ ನಗು ನಾನು ಅವಳ ಮದುವೆಯ ಮುಂಚೆ ಕೇಳಿದ್ದು.

ಸಸಿ ಹಚ್ಚಿದಳು, ಕಲಮು, ಅಂದರೆ ಕಸಿ, ಕಟ್ಟಿಸಿದಳು, ಕಬ್ಬಿಣದ ಆಂಗಲ್ ನಿಲ್ಲಿಸಿ ತಂತಿ ಎಳೆಸಿದಳು. ಮೊದಲ ವರ್ಷ ಬಳ್ಳಿ ಬರೋಬರಿ ಇತ್ತು. ಎರಡನೇ ಬೇಸಗೆಗೆ ಎಲೆಯ ಅಂಚು ಸುಡತೊಡಗಿತು. ಒಲೆಯ ಮೇಲೆ ಹಿಡಿದಂತೆ ಕಂದುಗಟ್ಟಿ ಮುರುಟಿದವು. ರೋಗವಿರಬೇಕೆಂದು ಔಷಧ ಹೊಡೆಸಿದಳು. ಕೇಳಲಿಲ್ಲ. ನನ್ನ ಗೆಳೆಯನಿಗೇ ಫೋನ್ ಹಚ್ಚಿ ಕೇಳಿದಳು. "ನೀರ ಕಮ್ಮಿ ಬಿದ್ದಿರಬೇಕ್ರಿ ಅಕ್ಕಾರ, ಇನ್ನಷ್ಟ ಬಿಡ್ರಿ," ಎಂದನಂತೆ. ಮೊದಲಿನಿಂದ ಅಕ್ಕನನ್ನು ನೀನು ಎಂದೇ ಮಾತನಾಡಿಸಿದವನು ಅವತ್ತು ಮರ್ಯಾದೆ ಕೊಟ್ಟು ಮಾತನಾಡಿದ್ದ. ಸವಳು ಭೂಮಿಗೆ ಹೊಳೆಯ ನೀರು ಮತ್ತಷ್ಟು ಬಿಡು ಎಂದು ಹೇಳಿದ್ದ. ತಾನು ಏನು ಮಾಡಿದ್ದೇನೆಂದು ಅವನಿಗೆ ಆಗಲೇ ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು.

ಅಕ್ಕ ಮೂರು ಸಲ ಕರೆದ ಮೇಲೆ ನಾನು ಹೋದೆ. ತೋಟದಲ್ಲಿ ಮಾವ ಬಗ್ಗಿ, ಸಾಲಿನ ನಡುವೆ ಬಿಳಿಯಾಗಿ ಎದ್ದಿದ್ದ ಹಕ್ಕಳೆಯನ್ನು ಚಿವುಟಿ ನನ್ನ ಅಂಗೈಗೆ ಹಾಕಿದರು. "ನೆಕ್ಕಿ ನೋಡಪಾ." ನೆಕ್ಕಿದೆ. ಅಪ್ಪಟ ಉಪ್ಪು. ಆ ಹಿರಿಯ ಮನುಷ್ಯ ಕೈ ಜಾಡಿಸಿಕೊಂಡು ಮನೆಯ ಕಡೆ ನಡೆದರು. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಮನೆಗೆ ಬಂದು ಗೋಡೆಯ ಮೇಲಿನ ಕಾಗದ ತೆಗೆದು ಮೊದಲ ಸಲ ಅಂಕಿ ಓದಿದೆ. ರಸಸಾರ 7.4. ಲವಣಾಂಶ 0.63. ಒಂದೂವರೆ ತಿಂಗಳು ಹಗಲೆಲ್ಲ ನೋಡಿದ ಅಂಕಿಗಳು, ಎಚ್ಚರ ತಪ್ಪಿ ಬಿದ್ದರೂ ಹೇಳಬಲ್ಲೆ. ಇದು ಅಕ್ಕನ ಮಣ್ಣಿನ ಲೆಕ್ಕವಲ್ಲ. ಇದು ನಾನು ಚಿಕ್ಕೋಡಿಯ ಖೋಲಿಯಲ್ಲಿ ಚಹಾ ಕುಡಿಯುತ್ತ ಟೈಪ್ ಮಾಡಿದ ಸುಳ್ಳು.

ಅಲ್ಲೇ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಅವನ ಅಪ್ಲಿಕೇಶನ್ನಿನ ಒಳಗೆ ಹೋಗುವ ದಾರಿ ನನಗಿತ್ತು. ದೇವರಾಣೆ ಹೇಳುತ್ತೇನೆ, ಆಗ ನಾನು ಬೇಡಿಕೊಂಡದ್ದು ಒಂದೇ: ಇಂಥ ಖೊಟ್ಟಿ ವರದಿ ಇನ್ನೂ ಹತ್ತಾರು ಸಿಗಲಿ. ಸಿಕ್ಕರೆ ಅವನು ಬರೀ ಕಳ್ಳ, ಎಲ್ಲರಿಗೂ ಟೋಪಿ ಹಾಕಿದಂತೆ ನಮಗೂ ಹಾಕಿದ ಎಂದು ಬೈದು ಬಿಡಬಹುದಿತ್ತು. ಒಂದೊಂದೇ ಪಿಡಿಎಫನ್ನು ಅದರ ದಾಖಲೆಯ ಜೊತೆ ಹೋಲಿಸುತ್ತ ಹೋದೆ. ಅಕ್ಕೋಳದ ರೈತನದು ಸರಿ ಇತ್ತು. ಅಥಣಿಯ ವ್ಯಾಪಾರಿಯದು ಸರಿ ಇತ್ತು. ಅನುಮಾನ ಬಂದ ಕಡೆ ಅವನು ಎರಡೆರಡು ಸಲ ಅಳೆದು ಎರಡೂ ಅಂಕಿ ಬರೆದಿದ್ದ. ಅಕ್ಕ ಎರಡು ಸಲ ಚಹಾ ತಂದಿಟ್ಟು ಹೋದಳು, ಎರಡೂ ಆರಿಹೋದವು. ಮಧ್ಯಾಹ್ನದ ಹೊತ್ತಿಗೆ ಎಲ್ಲ ನೋಡಿ ಮುಗಿಸಿದೆ. ಅಂಕಿಗಳಿಲ್ಲದೆ ಪಿಡಿಎಫ್ ಹುಟ್ಟಿದ ದಾಖಲೆ ಇಡೀ ಅಪ್ಲಿಕೇಶನ್ನಿನಲ್ಲಿ ಒಂದೇ ಒಂದು. ಅದು ನನ್ನ ಅಕ್ಕನದು.

"ಏನಾತೋ?" ಎಂದಳು ಅಕ್ಕ. "ನಾಳೆ ಹೇಳ್ತೀನಕ್ಕಾ," ಎಂದೆ.

ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ ಅಥಣಿಗೆ ಹೋದೆ. ಗೆಳೆಯ ತಕ್ಕಡಿಯ ಮುಂದೆ ಬಗ್ಗಿ ಯಾರದೋ ಮಣ್ಣು ತೂಗುತ್ತಿದ್ದ, ಒಂದು ಕಾಳು ಹೆಚ್ಚಾಗಬಾರದು ಎಂಬಂತೆ ಚಮಚದ ತುದಿಯಿಂದ ಉದುರಿಸುತ್ತ. ಆ ನಿಷ್ಠೆ ನೋಡಿ ಇನ್ನಷ್ಟು ಮೈ ಉರಿಯಿತು. ಲ್ಯಾಮಿನೇಷನ್ ಮಾಡಿದ ಕಾಗದವನ್ನು ಅವನ ಮುಂದೆ ಒಗೆದೆ. ಅವನು ನೋಡಿದ. ಚಮಚ ಕೆಳಗಿಟ್ಟ.

"ಮಾತಾಡಲೇ," ಎಂದೆ. "ಊರ ಮಂದೀದೆಲ್ಲಾ ಖರೇ ಮಾಡಿದಿ. ನಮ್ಮಕ್ಕ ನಿನಗ ಏನ ಮಾಡಿದ್ಲು?"

"ಏನೂ ಮಾಡಿಲ್ಲೋ." ಅವನ ದನಿ ಸಣ್ಣದಾಗಿತ್ತು. "ಆ ಹಂಗಾಮಿನ್ಯಾಗ ಬಾಗಲಾ ಮುರಿಯೂ ಹಂಗ ಮಂದಿ ನಿಂತಿತ್ತು. ಹೊರಗಿನವ್ರದ್ದು ಮೊದಲ ಮುಗಸೂಣು, ನಮ್ಮವ್ರದ್ದು ಆಮ್ಯಾಲ ಅಂದ್ನಿ. ಮನಿ ಮಂದಿ ಕಡೀ ಪಂಕ್ತಿಗೆ ಕೂಡ್ತಾರ, ಹೌದಲ್ಲೋ? ಅಷ್ಟರಾಗ ಮಷೀನ ಕೆಟ್ಟ ಕೂತು. ನೀ ನೋಡಿದ್ರ ದಿನಾ ಫೋನ್ ಹಚ್ಚಾಕತ್ತಿದ್ದಿ."

"ಆಗಿಲ್ಲ ಅಂತ ಒಂದ ಮಾತ ಹೇಳಾಕ ಏನಾಗಿತ್ತು?"

"ಹೊರಗಿನವ್ರಿಗೆ ಹೇಳ್ತಿದ್ನಿ. ಅವ್ರು ಜಗಳಕ್ಕ ಬರ್ತಾರ, ಹೆಸರ ಕೆಡಸ್ತಾರ. ನಮ್ಮವ್ರಾದ್ರ ಸಂಭಾಳಸ್ಕೋತಾರ ಅನಿಸ್ತು. ಹೊಳೀ ದಂಡಿ ಹೊಲಾ, ಬಂದ ಬರ್ತೈತಿ ಅಂತ..." ತನ್ನ ಪರವಾಗಿ ಒಂದು ಸಾಕ್ಷಿ ಸಿಕ್ಕವನಂತೆ ತಲೆಯೆತ್ತಿದ. "ಮತ್ತ ನಾ ನಿನ್ನ ಕೇಳೇ ಮಾಡೀನಿ. ಆ ಮಾದರಿ ಅನ್ನೂ ಅಕ್ಷರ ತಗಿ ಅಂತ ಫೋನ್ ಹಚ್ಚಿದ್ನೆಲ್ಲಾ. ನೀನ ತಗದಿ."

ನೆನಪಾಯಿತು. ಅದೊಂದು ಮಧ್ಯಾಹ್ನ ನಾನು ರಾಯಬಾಗದ ದವಾಖಾನೆಯ ವರದಿಯ ಅಕ್ಷರಗಳ ಜೊತೆ ಗುದ್ದಾಡುತ್ತಿದ್ದಾಗ ಅವನ ಫೋನ್ ಬಂದಿತ್ತು. ಮಂದಿಗೆ ತೋರಿಸಲು ಆ ಬೂದು ಅಕ್ಷರ ಹೊಲಸು ಕಾಣುತ್ತದೆ, ತೆಗೆ ಎಂದಿದ್ದ. ಎರಡೇ ನಿಮಿಷದಲ್ಲಿ ತೆಗೆದುಕೊಟ್ಟಿದ್ದೆ. ಫೋನ್ ಇಡುವ ಮುಂಚೆ "ಅಕ್ಕಾ ಆರಾಮದಾಳಲ್ಲಾ?" ಎಂದೂ ಕೇಳಿದ್ದ. ಅವತ್ತೇ ಸಂಜೆ ಅಕ್ಕನ ವರದಿ ಬಂದದ್ದು.

ನನ್ನ ಕೈಯಿಂದಲೇ ಮಾಡಿಸಿದ್ದ. ನನ್ನ ಅಕ್ಕನ ಕುತ್ತಿಗೆಗೆ ನನ್ನ ಕೈಯನ್ನೇ ಹಾಕಿಸಿದ್ದ. ಅವನಿಗೆ ಹೊಡೆಯಬೇಕೆಂದು ಎದ್ದೆ. ಎದ್ದಾಗ ಅವನ ತಲೆಯ ಹಿಂದೆ, ಗೋಡೆಯ ಮೇಲಿನ ಹಲಗೆಯಲ್ಲಿ, ಬಾಟಲಿಗಳ ಹಿಂದೆ ಒಂದು ಹಸಿರು ಬಟ್ಟೆ ಕಂಡಿತು. ಎಳೆದು ತೆಗೆದೆ. ಅಕ್ಕ ಕಟ್ಟಿದ ಗಂಟು. ಮೂರೂ ಗಂಟು ಹಾಗೇ ಇದ್ದವು, ಒಂದನ್ನೂ ಬಿಚ್ಚಿರಲಿಲ್ಲ. ಹೊಡೆಯಲು ಕೈ ಬರಲಿಲ್ಲ. ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಹೊರಡುವ ಮುಂಚೆ ಅವನ ಕುರ್ಚಿಯಲ್ಲೇ ಕೂತು ಟೆಂಪ್ಲೇಟಿನಿಂದ ಆ ಸಾಲುಗಳನ್ನೆಲ್ಲ ಅಳಿಸಿದೆ. ಅಂಕಿ ಇಲ್ಲದಿದ್ದರೆ ಇನ್ನು ಪಿಡಿಎಫೇ ಹುಟ್ಟುವುದಿಲ್ಲ. ಅವನು ಪಕ್ಕದಲ್ಲಿ ನಿಂತು ನೋಡಿದ. "ಅಕ್ಕಗ ನಾನ ಬಂದು ಹೇಳ್ಲೇನೋ?" ಎಂದ.

"ಆಕೀನ್ನ ಅಕ್ಕಾ ಅನಬ್ಯಾಡ ನೀ," ಎಂದು ಗಂಟನ್ನು ಕಂಕುಳಲ್ಲಿ ಹಿಡಿದು ಬಂದುಬಿಟ್ಟೆ. ಆ ಮೇಲೆ ನಾವಿಬ್ಬರೂ ಮಾತನಾಡಿಲ್ಲ.

ಅಕ್ಕ ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮಾವ ಒಳಗೆ ಹೊರಸಿನ ಮೇಲಿದ್ದರು. ಇಬ್ಬರಿಗೂ ಕೇಳುವಂತೆ ಎಲ್ಲ ಹೇಳಿದೆ. ಅಂಕಿಗಳು ನನ್ನವು ಎಂದೆ. 'ಮಾದರಿ' ತೆಗೆದ ಕೈ ನನ್ನದು ಎಂದೆ. ಒತ್ತು ನೋಡಿದೆ, ಅಂಕಿ ನೋಡಲಿಲ್ಲ ಎಂದೂ ಹೇಳಿದೆ. ಅಕ್ಕ ಮೊರದಿಂದ ಕೈ ತೆಗೆಯದೆ ಕೇಳಿದಳು.

"ಉಳಿದ ಮಂದೀದು?"

"ಎಲ್ಲಾ ಖರೇ ಅದಾವಕ್ಕಾ. ಒಂದೊಂದೂ ನೋಡೀನಿ."

"ನಂದೊಂದ?"

"ನಿಂದೊಂದ."

ಅವಳು ಒಂದು ಹರಳು ಆರಿಸಿ ಅಂಗಳಕ್ಕೆ ಒಗೆದಳು. ನನಗೆ ತಡೆಯಲಾಗಲಿಲ್ಲ. "ಮತ್ತೊಮ್ಮೆ ತಪಾಸ ಮಾಡಸೂಣಕ್ಕಾ," ಎಂದೆ. "ಬ್ಯಾರೆ ಊರಾಗ ನನ್ನ ಪರಿಚಯದವ್ರು ಅದಾರ. ನಾನ ಮುಂದ ನಿಂತ ಮಾಡಸ್ತೀನಿ."

"ಪರಿಚಯ ಸಾಕ ಮಾಡೋ ತಮ್ಮಾ." ಸಿಟ್ಟಿನಿಂದ ಹೇಳಲಿಲ್ಲ, ದಣಿದು ಹೇಳಿದಳು. "ಅಂವಾ ಹೊರಗಿನ ಮಂದೀದು ಬರೋಬರಿ ಮಾಡ್ತಾನಂದಿಯಲ್ಲಾ. ಹೊಸಾ ಮಣ್ಣ ತಗದು ಬಾಜೂ ಮನಿಯಾಕಿ ಹೆಸರಲೆ ಅಲ್ಲೇ ಕಳಸ್ತೀನಿ. ನಾ ನಿಮ್ಮಾಕಿ ಅಂತ ಗೊತ್ತಾಗದಿದ್ರ ಸಾಕು."

ಹಾಗೇ ಮಾಡಿದಳು. ಪಕ್ಕದ ಮನೆಯಾಕೆ ಅಥಣಿಗೆ ಹೋಗಿ, ಪಾಳಿಯಲ್ಲಿ ನಿಂತು ಮಣ್ಣು ಕೊಟ್ಟು ಬಂದಳು. ನಾಲ್ಕನೇ ದಿನಕ್ಕೆ ವರದಿ ಬಂತು, ಎರಡು ಸಲ ಅಳೆದ ಅಂಕಿಗಳ ಸಮೇತ. ಲವಣಾಂಶದ ಮುಂದೆ ಬಹಳ ಹೆಚ್ಚು ಎಂದಿತ್ತು. ಸಲಹೆಯ ಜಾಗದಲ್ಲಿ ಈ ಭೂಮಿ ದ್ರಾಕ್ಷಿಗೆ ಯೋಗ್ಯವಲ್ಲ ಎಂದಿತ್ತು. ಹೆಸರಿನ ಜಾಗದಲ್ಲಿ ಬೇರೆ ಹೆಂಗಸಿನ ಹೆಸರಿತ್ತು. ಅಕ್ಕ ಅದನ್ನು ಮಾವನ ಕೈಗೆ ಕೊಟ್ಟು, ಬಳ್ಳಿ ಕೀಳಲು ಆಳು ಕರೆಯಲು ಹೋದಳು.